ಹೂಗಣ್ಣಿಗೆ ಬಣ್ಣ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ಗಾಯವೋ ಸೋಂಕೋ ಆಗಿ ಮಾಗಿದ ಕಾರ್ನಿಯಾದಲ್ಲಿ ಬಿಳಿ ಕಲೆ ಉಳಿದುಬಿಡುತ್ತದೆ. ನೋಟ ಹೋದ ನೋವಿನ ಜೊತೆಗೆ, ಎದುರಿಗಿದ್ದವರು ಆ ಕಣ್ಣನ್ನೇ ದಿಟ್ಟಿಸುವ ಸಂಕಟ ಬೇರೆ. ಅದನ್ನು ಮರೆಮಾಡುವ ಆಸೆ ಹಳೆಯದು. ಎರಡನೆಯ ಶತಮಾನದ ವೈದ್ಯ ಗೇಲನ್ ಇದಕ್ಕಾಗಿ ತಾಮ್ರದ ಲವಣ ಬಳಸಿದನೆಂಬ ಉಲ್ಲೇಖವಿದೆ. 1869ರ ಸುಮಾರಿಗೆ ಪ್ಯಾರಿಸ್ಸಿನ ನೇತ್ರವೈದ್ಯ ಲೂಯಿ ಫಾನ್ ವೆಕರ್ ಅಂಥ ಕಲೆಗೆ ಸೂಜಿಯಿಂದ ಕಪ್ಪು ಶಾಯಿ ಚುಚ್ಚಿದರು.

ಕಾರ್ನಿಯಾಕ್ಕೆ ಬಣ್ಣ ತುಂಬುವ ಇಂದಿನ ವಿಧಾನದಲ್ಲಿ ನನ್ನನ್ನು ಬೆರಗುಗೊಳಿಸುವುದು ಅದರ ಅಳತೆ. ಕಾರ್ನಿಯಾದ ನಡುಭಾಗದ ದಪ್ಪವೇ ಸುಮಾರು ಅರ್ಧ ಮಿಲಿಮೀಟರ್. ಅಷ್ಟರೊಳಗೇ ಫೆಮ್ಟೊಸೆಕೆಂಡ್ ಲೇಸರ್ ಉಂಗುರದಾಕಾರದ ಸುರಂಗ ಕೊರೆಯುತ್ತದೆ. ವೈದ್ಯರು ಅದರಲ್ಲಿ ನುಣ್ಣನೆಯ ವರ್ಣದ್ರವ್ಯ ತುಂಬುತ್ತಾರೆ, ನೋಟವಿರುವ ಕಣ್ಣಾದರೆ ನಡುವಿನ ಪಾಪೆಯನ್ನು ತೆರೆದೇ ಬಿಟ್ಟು. ಸ್ಪೇನಿನ ಅಲಿಕಾಂಟೆಯಲ್ಲಿ ಹೋರ್ಹೆ ಅಲಿಯೊ ಮತ್ತವರ ತಂಡ ಇದನ್ನು ಶ್ರದ್ಧೆಯಿಂದ ಬೆಳೆಸಿತು.

ಅಂದಕ್ಕಿಂತ ಇದರ ಇನ್ನೊಂದು ಉಪಕಾರ ನನಗೆ ದೊಡ್ಡದಾಗಿ ಕಾಣುತ್ತದೆ. ಪೆಟ್ಟು ಬಿದ್ದು ಪಾಪೆಯ ಸುತ್ತಲಿನ ಬಣ್ಣದ ಪೊರೆ, ಐರಿಸ್, ಹರಿದವರಿಗೆ, ಹುಟ್ಟಿನಿಂದಲೇ ಅದು ಇಲ್ಲದವರಿಗೆ ಬಿಸಿಲೆಂದರೆ ಹಿಂಸೆ. ಬೇಡದ ಬೆಳಕೆಲ್ಲ ಒಳನುಗ್ಗುತ್ತದೆ. ಬಣ್ಣದ ಉಂಗುರ ಕಿಟಕಿಯ ಪರದೆಯಂತೆ ಅದನ್ನು ತಡೆಯುತ್ತದೆ. ಆರೋಗ್ಯವಂತ ಕಣ್ಣನ್ನು ಬರೀ ನೀಲಿಯಾಗಿಸಲು ಇದನ್ನು ಬಳಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸೋಂಕು, ಕಾರ್ನಿಯಾ ಮಸುಕಾಗುವುದು, ದೃಷ್ಟಿನಷ್ಟ ಇವೆಲ್ಲದರ ಅಪಾಯವಿದೆಯೆಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ 2024ರಲ್ಲಿ ಎಚ್ಚರಿಸಿತ್ತು.