ಮಿಶ್ರಸಭೆಯಲ್ಲಿ ದೂರದ ಸಭ್ಯನ ಸ್ಥಾನ

ಸಭೆಗೆ ಬಂದು ಕುಳಿತವರೆಲ್ಲರೂ ಸಭ್ಯರೆನಿಸುವುದಿಲ್ಲ. ಆಡಿದ ಮಾತಿಗೆ ಕಿವಿಗೊಟ್ಟು, ಅದರ ಯುಕ್ತಾಯುಕ್ತತೆಯನ್ನು ವಿವೇಚಿಸಿ, ಸಂದೇಹ ತೋರಿದಲ್ಲಿ ಎದ್ದು ಕೇಳಬಲ್ಲವನು ಸಭ್ಯನು. ಕೇಳಿ ಎದ್ದುಹೋಗುವವನು ಕೇವಲ ಶ್ರೋತೃವು. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡವರನ್ನು ಕೊಂಡಾಡುವಾಗ, ಉಚಿತವಾಗಿ ಮಾತನಾಡುವ ಶಕ್ತಿಯೊಡನೆ ಪರರ ಮಾತನ್ನು ತಿಳಿದು ತೂಗುವ ಶಕ್ತಿಯನ್ನೂ ಸೇರಿಸಿಯೇ ಹೇಳಿರುವುದು. ಆ ಆಸ್ಥಾನವಿದ್ದ ಮಳಖೇಡವು ಕಲಬುರಗಿ ಜಿಲ್ಲೆಯಲ್ಲಿಯೇ ಇರುವುದರಿಂದ, ಈ ಜಿಲ್ಲೆಯ ಸಭೆಗಳನ್ನು ಆ ಎರಡು ಶಕ್ತಿಗಳ ಅಳತೆಗೋಲಿನಿಂದ ಅಳೆಯುವುದು ಅನುಚಿತವಾಗಲಾರದು. ಕೆಲವರು ಸಭಾಮಂದಿರದಲ್ಲಿಯೂ ಕೆಲವರು ತಮ್ಮ ಮನೆಯಲ್ಲಿ ಮೊಬೈಲಿನ ಮುಂದೆಯೂ ಕುಳಿತು ನಡೆಸುವ, ‘ಹೈಬ್ರಿಡ್’ ಎಂದು ಕರೆಯಿಸಿಕೊಳ್ಳುವ ಮಿಶ್ರಸಭೆಯು ಈಗ ರೂಢಿಗೆ ಬಂದಿರುವುದು. ಅದು ನಿಜವಾಗಿ ಸಭೆಯೋ, ಅಥವಾ ದೂರದವರಿಗೆ ತೋರಿಸುವ ಸಭೆಯ ನೆರಳೋ ಎಂಬುದೇ ಇಲ್ಲಿಯ ವಿಚಾರ.

ದೊಡ್ಡ ಸಭೆಗಳು ಕಲಬುರಗಿಗೆ ಹೊಸವಲ್ಲ. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ, 1949ರಲ್ಲಿ ಉತ್ತಂಗಿ ಚನ್ನಪ್ಪನವರ, 1987ರಲ್ಲಿ ಸಿದ್ಧಯ್ಯ ಪುರಾಣಿಕರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ಇಲ್ಲಿ ನೆರೆದವು. 2020ರ ಫೆಬ್ರವರಿ 5ರಿಂದ 7ರ ವರೆಗೆ ಎಚ್. ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ 85ನೆಯ ಸಮ್ಮೇಳನವು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ಜನಸಾಗರದ ನಡುವೆ ಜರುಗಿತು. ಅದಾದ ಐದು ವಾರಗಳೊಳಗೆ, ಮಾರ್ಚ್ 10ರಂದು, ಇದೇ ನಗರದ ವೃದ್ಧರೊಬ್ಬರು ತೀರಿಕೊಂಡರು. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವೆಂದು ಅದು ದಾಖಲಾಯಿತು. ಜನರು ಕೂಡುವುದರ ಸಂತೋಷವನ್ನೂ ಕೂಡುವುದರ ಭಯವನ್ನೂ ಇಷ್ಟು ಹತ್ತಿರ ಹತ್ತಿರದಲ್ಲಿ ಕಂಡ ಊರು ಮತ್ತೊಂದಿರಲಾರದು. ಮುಂದಿನ ಸಮ್ಮೇಳನವು ಹಾವೇರಿಯಲ್ಲಿ ನೆರೆಯಲು 2023ರ ಜನವರಿಯೇ ಬರಬೇಕಾಯಿತು. ಆ ನಡುವಣ ಕಾಲದಲ್ಲಿ ಜೂಮ್, ಗೂಗಲ್ ಮೀಟ್ ಮೊದಲಾದ ಸಾಧನಗಳು ಆಪದ್ಧರ್ಮವಾಗಿ ಬಂದವು. ಆಪತ್ತು ಕಳೆಯಿತು, ಧರ್ಮವು ಉಳಿಯಿತು.

ಉಳಿದುದು ಒಳ್ಳೆಯದೇ ಆಯಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸುಮಾರು 35 ಕಿಲೋಮೀಟರು ದೂರದಲ್ಲಿರುವುದು. ನಗರದಲ್ಲಿ ಸಂಜೆ ಆರಕ್ಕೆ ಉಪನ್ಯಾಸವಿದ್ದರೆ ಅಲ್ಲಿಯ ಗೃಹಿಣಿಗೆ ಬಂದು ಕೇಳಿ ಮರಳುವುದು ಸುಲಭವಲ್ಲ; ಮಂಡಿನೋವಿನ ಮುದುಕರಿಗೆ ಬಸ್ಸು ಹತ್ತುವುದೇ ಪ್ರಯಾಸ. ಓದಿನಲ್ಲಿ ರುಚಿಯುಳ್ಳ ಇಂಥವರಿಗೆ ಮನೆಯ ಬಾಗಿಲಲ್ಲಿಯೇ ಸಭೆಯು ಬಂದು ನಿಲ್ಲುವುದು ಅಲ್ಪ ಲಾಭವೇನಲ್ಲ. ಆದರೆ ಬಂದು ನಿಂತ ಸಭೆಯು ಅವರನ್ನು ಒಳಗೆ ಕರೆಯುವುದೋ ಇಲ್ಲವೋ ಎಂಬುದನ್ನು ನೋಡಬೇಕು.

ಬಹುಮಟ್ಟಿಗೆ ಕರೆಯುವುದಿಲ್ಲ. ಕಾರ್ಯಕರ್ತರು ವೇದಿಕೆಯ ಮುಂದೆ ಒಂದು ಮೊಬೈಲನ್ನು ನಿಲ್ಲಿಸಿ, ಯೂಟ್ಯೂಬಿನಲ್ಲಿ ನೇರ ಪ್ರಸಾರವನ್ನು ತೆರೆದು, ತಮ್ಮ ಕರ್ತವ್ಯವು ಮುಗಿಯಿತೆಂದು ಭಾವಿಸುವರು. ಆ ಪ್ರಸಾರವು ಕೇಳುವವನಿಗೆ ಹಲವು ಸೆಕೆಂಡುಗಳಷ್ಟು ತಡವಾಗಿ ಮುಟ್ಟುವುದರಿಂದ, ಅವನು ಪ್ರಶ್ನೆಯನ್ನು ಬರೆದು ಕಳುಹಿಸುವಷ್ಟರಲ್ಲಿ ವಂದನಾರ್ಪಣೆಯು ಮೊದಲಾಗಿರುವುದು. ಬರೆದುದನ್ನು ನೋಡುವವರೂ ಇರುವುದಿಲ್ಲ. ಈ ಜಿಲ್ಲೆಯು ಇಂಥದನ್ನು ಹಿಂದೊಮ್ಮೆ ಕಂಡಿರುವುದು. 1975ರ ಆಗಸ್ಟಿನಿಂದ 1976ರ ಜುಲೈ ವರೆಗೆ, ಅಮೆರಿಕೆಯ ಒಂದು ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಶಿಕ್ಷಣವನ್ನು ಮುಟ್ಟಿಸುವ ಪ್ರಯೋಗವು ‘ಸೈಟ್’ ಎಂಬ ಹೆಸರಿನಿಂದ ನಡೆಯಿತು. ಕರ್ನಾಟಕದಲ್ಲಿ ಆರಿಸಲ್ಪಟ್ಟ ಪ್ರದೇಶದಲ್ಲಿ ಗುಲಬರ್ಗಾ ಜಿಲ್ಲೆಯೂ ಸೇರಿದ್ದಿತು. ಹಳ್ಳಿಯವರು ಊರ ನಡುವಿನ ಪೆಟ್ಟಿಗೆಯ ಮುಂದೆ ನೆರೆದು ನೋಡಿದರು, ಕೇಳಿದರು. ಮರುನುಡಿಯುವ ದಾರಿಯು ಆ ಯಂತ್ರದಲ್ಲಿಯೇ ಇರಲಿಲ್ಲ. ಅಂದಿನ ಕೊರತೆಯು ಯಂತ್ರದ್ದು. ಇಂದಿನ ಯಂತ್ರವು ಎರಡು ದಿಕ್ಕಿನಲ್ಲಿಯೂ ಮಾತನ್ನು ಒಯ್ಯಬಲ್ಲುದು. ಹಾಗಿದ್ದೂ ಒಂದೇ ದಿಕ್ಕಿನಲ್ಲಿ ಹರಿಸಿದರೆ ಆ ಕೊರತೆಯು ಮನುಷ್ಯರದು.

ದೋಷದ ಮೊದಲ ನೆಲೆಯು ಧ್ವನಿ. ಮಸುಕಾದ ಚಿತ್ರವನ್ನು ಸಹಿಸಬಹುದು, ಮಸುಕಾದ ಮಾತನ್ನು ಸಹಿಸಲಾಗದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ನಾಡಿನಲ್ಲಿ ಫ್ಯಾನುಗಳಿಲ್ಲದ ಸಭೆಯುಂಟೆ? ದೂರದಲ್ಲಿಟ್ಟ ಮೊಬೈಲು ಭಾಷಣಕಾರರ ಮಾತಿಗಿಂತ ಫ್ಯಾನಿನ ಗಾಳಿಯನ್ನೂ ಗೋಡೆಯ ಪ್ರತಿಧ್ವನಿಯನ್ನೂ ಹೆಚ್ಚಾಗಿ ಗ್ರಹಿಸುವುದು. ಧ್ವನಿವರ್ಧಕದ ಮಿಕ್ಸರಿನಿಂದ ಒಂದು ತಂತಿಯನ್ನು ನೇರವಾಗಿ ಕಂಪ್ಯೂಟರಿಗೆ ಎಳೆದರೆ ಈ ಪೀಡೆಯು ಬಹುಪಾಲು ನಿವಾರಣೆಯಾಗುವುದು. ಅದಕ್ಕಿಂತ ಹೆಚ್ಚಿನ ತಪ್ಪು ಪ್ರಶ್ನೆಯ ಕಾಲದಲ್ಲಿ ಆಗುವುದು. ಹಿಂದಿನ ಸಾಲಿನವರೊಬ್ಬರು ಮೈಕಿಲ್ಲದೆ ಕೇಳುವರು; ಮಂದಿರದಲ್ಲಿರುವವರಿಗೆ ಕೇಳಿಸುವುದು; ಕಮಲಾಪುರದವರಿಗೆ ಪ್ರಶ್ನೆಯಿಲ್ಲದ ಉತ್ತರವು ಮಾತ್ರ ದೊರೆಯುವುದು. ಪೂರ್ವಪಕ್ಷವನ್ನು ಬಿಟ್ಟು ಸಿದ್ಧಾಂತವನ್ನು ಓದಿದವನ ಗತಿಯೇ ಅವರದು.

ಎರಡನೆಯ ನೆಲೆಯು ಕಾವ್ಯ. ಕಡಕೋಳ ಮಡಿವಾಳಪ್ಪನವರಂಥ ತತ್ವಪದಕಾರರನ್ನು ಪಡೆದ ಸೀಮೆಯಿದು. ಇಲ್ಲಿಯ ಗೋಷ್ಠಿಗಳಲ್ಲಿ ಏಕತಾರಿಯ ಹಾಡಿಕೆಯೂ ಗಮಕವಾಚನವೂ ಸೇರಿರುವುದು ಸಹಜ. ಆದರೆ ಈ ಸಾಧನಗಳು ಮನುಷ್ಯನ ಮಾತನ್ನು ಉಳಿಸಿ ಬೇರೆ ಸದ್ದನ್ನು ಅಳಿಸುವಂತೆ ಕಟ್ಟಲ್ಪಟ್ಟವು. ಎಡೆಬಿಡದ ಶ್ರುತಿಯನ್ನು ಅವು ಫ್ಯಾನಿನ ಸದ್ದೆಂದೇ ಬಗೆದು ಕತ್ತರಿಸುವುದುಂಟು. ಜೂಮಿನಲ್ಲಿ ಮೂಲಧ್ವನಿಯನ್ನು ಹಾಗೆಯೇ ಕಳುಹಿಸುವ ಏರ್ಪಾಡಿರುವುದು. ಹಾಡಿಕೆಗೆ ಮುಂಚೆ ಅದನ್ನು ತೆರೆದುಕೊಳ್ಳತಕ್ಕದ್ದು. ಇಷ್ಟಾದರೂ, ಮುಮ್ಮೇಳವು ಮಂದಿರದಲ್ಲಿಯೂ ಹಿಮ್ಮೇಳವು ದೂರದಲ್ಲಿಯೂ ಇದ್ದು ಕೂಡಿ ಹಾಡಲಾಗದು. ಧ್ವನಿಯು ಹೋಗಿ ಬರುವ ತಡದಲ್ಲಿ ತಾಳವು ಮುರಿಯುವುದು. ಯಾವುದು ಪರದೆಯನ್ನು ದಾಟಬಲ್ಲುದು, ಯಾವುದು ದಾಟಲಾರದು ಎಂಬ ವಿವೇಕವು ಕಾರ್ಯಕ್ರಮವನ್ನು ರಚಿಸುವವರಿಗೆ ಇರಬೇಕು.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ಸಾನ್ನಿಧ್ಯವಿಲ್ಲದೆ ಸಭೆಯೇ ಇಲ್ಲ, ಆದುದರಿಂದ ಈ ಪ್ರಯಾಸವೆಲ್ಲ ವ್ಯರ್ಥವೆಂಬುದು ಒಂದು. ಎದುರಿನ ಮುಖವನ್ನು ಕಂಡು ಮಾತು ಅರಳುವುದೂ, ಸಭೆ ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ಸ್ನೇಹಗಳು ಬೆಳೆಯುವುದೂ ಸತ್ಯ. ಆದರೆ ಈ ಆಕ್ಷೇಪವನ್ನು ಹೇಳುವವರು ಸಾಮಾನ್ಯವಾಗಿ ಸಭೆಗೆ ಬರಬಲ್ಲವರು; ಬರಲಾರದವರಿಗೆ ಆಯ್ಕೆಯಿರುವುದು ಪೂರ್ಣ ಸಾನ್ನಿಧ್ಯಕ್ಕೂ ಅರ್ಧ ಸಾನ್ನಿಧ್ಯಕ್ಕೂ ನಡುವೆ ಅಲ್ಲ, ಅರ್ಧಕ್ಕೂ ಶೂನ್ಯಕ್ಕೂ ನಡುವೆ. ಭಾಷಣವನ್ನು ಮುದ್ರಿಸಿಟ್ಟರೆ ಸಾಕು, ಬೇಕಾದವರು ಬೇಕಾದಾಗ ಕೇಳಿಕೊಳ್ಳಲಿ ಎಂಬುದು ಮತ್ತೊಂದು. ಮುದ್ರಿತ ಭಾಷಣವು ಗ್ರಂಥಕ್ಕೆ ಸಮಾನವಾದ ಉಪಕಾರವನ್ನು ಮಾಡುವುದು ನಿಜ. ಆದರೆ ಗ್ರಂಥವು ಸಂದೇಹಕ್ಕೆ ಉತ್ತರ ಕೊಡದೆಂಬ ಕಾರಣದಿಂದಲೇ ಅಲ್ಲವೆ ಜನರು ಸಭೆಯನ್ನು ಕೂಡಿಸುವುದು? ಶ್ರವಣದ ಮೇಲೆ ಮನನವಾಗಬೇಕು. ಮನನದಲ್ಲಿ ಎದ್ದ ಶಂಕೆಗೆ ಎದುರಿನಲ್ಲೊಬ್ಬರು ಬೇಕು.

ನೈಯಾಯಿಕರು ಕಥೆಯನ್ನು ವಾದ, ಜಲ್ಪ, ವಿತಂಡೆಯೆಂದು ಮೂರಾಗಿ ವಿಭಾಗಿಸಿ, ತತ್ತ್ವವನ್ನು ಅರಿಯುವುದಕ್ಕಾಗಿ ನಡೆಯುವುದನ್ನು ವಾದವೆಂದರು. ವಾದಸಭೆಗಳಲ್ಲಿ ಉಭಯಪಕ್ಷಗಳ ನಡುವೆ ಮಧ್ಯಸ್ಥನನ್ನು ಕೂಡಿಸುವ ಸಂಪ್ರದಾಯವೂ ಬೆಳೆಯಿತು. ಮಿಶ್ರಸಭೆಗೆ ಬೇಕಾದುದು ಇಂಥ ಮಧ್ಯಸ್ಥನೇ. ವೇದಿಕೆಯ ಪಕ್ಕದಲ್ಲಿ ಪರದೆಯನ್ನು ನೋಡುತ್ತ ಒಬ್ಬರು ಕುಳಿತಿರಬೇಕು. ಅವರಿಗೆ ಅಂದು ಬೇರೆ ಕೆಲಸವಿರಕೂಡದು. ಮಂದಿರದ ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೊಮ್ಮೆ ನುಡಿಯುವುದೂ, ದೂರದವರು ಬರೆದುದನ್ನು—ಕನ್ನಡ ಲಿಪಿಯಲ್ಲಿರಲಿ, ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿರಲಿ—ಅವರ ಹೆಸರು ಹೇಳಿ ಓದುವುದೂ, ಮಾತನಾಡಬಯಸುವವರನ್ನು ಧ್ವನಿ ತೆರೆದು ಕರೆಯುವುದೂ ಅವರ ಕರ್ತವ್ಯ. ಇದಕ್ಕೆ ದೊಡ್ಡ ವೆಚ್ಚವಿಲ್ಲ: ಒಂದು ತಂತಿ, ಒಂದು ಕಂಪ್ಯೂಟರು, ವಿದ್ಯುತ್ತು ಹೋದರೆ ಕೈಗೊದಗುವ ಒಂದು ಇನ್ವರ್ಟರು, ಮನಸ್ಸಿಟ್ಟು ಕುಳಿತ ಒಬ್ಬ ವಿದ್ಯಾರ್ಥಿ. ಜೂಮಿನಲ್ಲಿ ವೆಚ್ಚವಿಲ್ಲದ ಸಭೆಯು 40 ನಿಮಿಷಗಳಲ್ಲಿ ಮುಚ್ಚಿಹೋಗುವುದೆಂಬುದನ್ನು ಮೊದಲೇ ತಿಳಿದು, ಅದಕ್ಕೆ ತಕ್ಕ ಏರ್ಪಾಡನ್ನು ಮಾಡಿಕೊಂಡರೆ ಆಯಿತು. ಅಥವಾ ಭಾಷಣಕಾರರು ಆ ಮಿತಿಗೆ ಒಳಪಟ್ಟರೆ ಮಂದಿರದವರೂ ಕೃತಜ್ಞರಾಗುವರು.

ಪ್ರಶ್ನೋತ್ತರಕ್ಕೆ ಸಮಯ ಬಂದಾಗ ಮೊದಲ ಪ್ರಶ್ನೆಯನ್ನು ದೂರದವರಿಗೆ ಬಿಡುವ ನಿಯಮವೊಂದನ್ನು ಸಂಘಗಳು ಮಾಡಿಕೊಳ್ಳುವುದು ಲೇಸು. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಕೇಳಲು ಅವಕಾಶಗಳು ಹಲವು, ಕಮಲಾಪುರದವರಿಗೆ ಅದೊಂದೇ. ಆ ಒಂದು ಪ್ರಶ್ನೆಯು ಕಲಬುರಗಿಯ ಮಂದಿರದಲ್ಲಿ ಸ್ಪಷ್ಟವಾಗಿ ಕೇಳಿಸಿ, ಅದಕ್ಕೆ ಉತ್ತರವೂ ದೊರೆತ ದಿನ ಆ ಸಭೆಯನ್ನು ಸಭೆಯೆಂದು ಕರೆಯಬಹುದು.