ಕಂದಕ ತೋಡಿದ ಕುದುರೆ ಸವಾರರು

ವಸಾಹತು ಕಾಲದ ಯುದ್ಧಗಳನ್ನು ವಿವರಿಸುವವರು ಎಲ್ಲೂ ನಿಲ್ಲದೆ ಸಂಚರಿಸುವ ಸವಾರನನ್ನೂ ನೆಲ ಕಚ್ಚಿ ಕಾದಾಡುವ ಕಂದಕದ ಬಂದೂಕುಗಾರನನ್ನೂ ಪರಸ್ಪರ ವಿರುದ್ಧ ಮಾದರಿಗಳೆಂದು ಬೇರ್ಪಡಿಸುವುದುಂಟು; ಆದರೆ 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಅವರಿಬ್ಬರೂ ಒಬ್ಬನೇ. ಡಚ್ ಮೂಲದ ಬೋಯರ್ ರೈತರು ಕುದುರೆಯೇರಿ ಬಂದು ಸೇರುತ್ತಿದ್ದ ಜಿಲ್ಲಾವಾರು ದಳಕ್ಕೆ ‘ಕಮಾಂಡೊ’ ಎಂಬ ಹೆಸರಿತ್ತು. ಕುದುರೆಯಿಂದಿಳಿದು ಮರೆಯಿಂದ ಗುಂಡು ಹಾರಿಸುವುದು, ಶತ್ರು ಮೈಮೇಲೆ ಬರುವಷ್ಟರಲ್ಲಿ ಮತ್ತೆ ಕುದುರೆ ಹತ್ತಿ ಮರೆಯಾಗುವುದು ಈ ದಳಗಳ ಯುದ್ಧಕ್ರಮ.

ವಜ್ರದ ಗಣಿಗಳ ಪಟ್ಟಣವಾದ ಕಿಂಬರ್ಲಿಯನ್ನು ಮುತ್ತಿಗೆಯಿಂದ ಬಿಡಿಸಲು ಲಾರ್ಡ್ ಮೆಥ್ಯುಯೆನ್ ನಡೆಸಿಕೊಂಡು ಬಂದ ಬ್ರಿಟಿಷ್ ಸೇನೆಯನ್ನು ಬೋಯರರು 1899ರ ನವೆಂಬರಿನಲ್ಲಿ ಬೆಲ್ಮಾಂಟ್ ಮತ್ತು ಗ್ರಾಸ್ಪಾನ್‌ಗಳಲ್ಲಿ ಗುಡ್ಡದ ತುದಿಯಿಂದ ಎದುರಿಸಿ ಸೋತರು. ಎತ್ತರದಿಂದ ಕೆಳಗೆ ಹಾರಿಸಿದ ಗುಂಡು ಗುರಿ ತಪ್ಪಿದರೆ ಅಲ್ಲೇ ನೆಲಕ್ಕೆ ಹೂತುಹೋಗುತ್ತದೆ, ಆದರೆ ನೆಲಮಟ್ಟದಿಂದ ಹಾರಿಸಿದ ಮೌಸರ್ ಬಂದೂಕಿನ ಗುಂಡು ಬಹುದೂರದವರೆಗೆ ಆಳೆತ್ತರವನ್ನು ಮೀರದೆ ಸಾಗುತ್ತದೆ ಎಂಬುದನ್ನು ಈ ಸೋಲುಗಳಿಂದ ಗ್ರಹಿಸಿದವನು ಬೋಯರ್ ದಳನಾಯಕ ಕೂಸ್ ಡೆ ಲಾ ರೇ. ಸೇನಾಪತಿ ಪೀಟ್ ಕ್ರೋನಿಯೆಗೆ ಗುಡ್ಡವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲವಾದರೂ, ಆರೆಂಜ್ ಫ್ರೀ ಸ್ಟೇಟಿನ ಅಧ್ಯಕ್ಷ ಸ್ಟೇನ್ ಡೆ ಲಾ ರೇಯ ಯೋಜನೆಯನ್ನೇ ಎತ್ತಿಹಿಡಿದನು.

ಹೀಗಾಗಿ ಕಿಂಬರ್ಲಿಯ ದಾರಿಯಲ್ಲಿದ್ದ ಮಾಗರ್ಸ್‌ಫಾಂಟೇನ್‌ನಲ್ಲಿ ಕಂದಕಗಳು ಗುಡ್ಡದ ನೆತ್ತಿಯ ಬದಲು ಬುಡಕ್ಕಿಂತಲೂ ಮುಂದೆ, ಬಯಲಿನಲ್ಲೇ ಮೂಡಿದವು. ಈ ಅಗೆತದ ಬಹುಪಾಲು ಶ್ರಮ ಬೋಯರರ ಜೊತೆಗಿದ್ದ ಆಫ್ರಿಕನ್ ಆಳುಗಳದು ಎಂಬುದನ್ನು ಮರೆಯುವುದು ಅನ್ಯಾಯವಾದೀತು. ಕಂದಕ ಆಳವಾಗಿಯೂ ಇಕ್ಕಟ್ಟಾಗಿಯೂ ಇದ್ದುದರಿಂದ, ಆಕಾಶದಲ್ಲಿ ಸಿಡಿದು ಗೋಲಿಗಳನ್ನು ಮುಂದಕ್ಕೆ ಸುರಿಸುವ ಶ್ರಾಪ್ನೆಲ್ ಗುಂಡಿಗೆ ಒಳಗಿದ್ದವನು ಸುಲಭವಾಗಿ ಸಿಗುತ್ತಿರಲಿಲ್ಲ. ಮೇಲೆ ಹರಡಿದ ಪೊದೆಗಳಿಂದಾಗಿ ಅದು ದೂರದರ್ಶಕಕ್ಕೂ ಕಾಣುತ್ತಿರಲಿಲ್ಲ. ಡಿಸೆಂಬರ್ 10ರಂದು ಬ್ರಿಟಿಷ್ ಫಿರಂಗಿಗಳು ಬಹುಮಟ್ಟಿಗೆ ಬರಿದಾಗಿದ್ದ ಗುಡ್ಡವನ್ನು ಗಂಟೆಗಟ್ಟಲೆ ಬಡಿದವು. ಮರುದಿನ ನಸುಕಿನಲ್ಲಿ, ರಾತ್ರಿಯ ಮಳೆಯಲ್ಲಿ ಒತ್ತಾಗಿ ನಡೆದುಬಂದ ಹೈಲ್ಯಾಂಡ್ ಬ್ರಿಗೇಡ್ ಸಾಲು ಬಿಚ್ಚಿಕೊಳ್ಳುತ್ತಿರುವಾಗಲೇ ಕೆಲವೇ ನೂರು ಗಜಗಳ ದೂರದಿಂದ ಗುಂಡಿನ ಮಳೆ ಎರಗಿತು. ಅದರ ನಾಯಕ ವಾಕೋಪ್ ಹತನಾದನು, ಸತ್ತವರು, ಗಾಯಗೊಂಡವರು ಮತ್ತು ಕಾಣೆಯಾದವರು ಸೇರಿ ಬ್ರಿಟಿಷರ ನಷ್ಟ 900ನ್ನು ದಾಟಿತು.

ಈ ಗೆಲುವಿನಿಂದ ಕಂದಕವೇ ಅಜೇಯವೆಂದು ತೀರ್ಮಾನಿಸುವುದು ಆತುರದ ಮಾತಾದೀತು. 1900ರ ಫೆಬ್ರವರಿಯಲ್ಲಿ ಬ್ರಿಟಿಷ್ ಜನರಲ್ ಫ್ರೆಂಚನ ಅಶ್ವದಳ ಬಳಸುದಾರಿಯಿಂದ ಕಿಂಬರ್ಲಿಯನ್ನು ತಲುಪಿದ ಮೇಲೆ ಕ್ರೋನಿಯೆ ಎತ್ತಿನ ಗಾಡಿಗಳ ಸಾಲಿನೊಡನೆ ಪೂರ್ವಕ್ಕೆ ಹೊರಟು, ಪಾರ್ಡೆಬರ್ಗ್‌ನಲ್ಲಿ ಬ್ರಿಟಿಷರ ಮುತ್ತಿಗೆಗೆ ಸಿಲುಕಿ ಮಾಡರ್ ನದಿಯ ದಡಗಳನ್ನು ಕೊರೆದು ಕುಳಿತನು. ಅಲ್ಲಿಯೂ ಕಂದಕ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು: ಫಿರಂಗಿ ದಾಳಿಯಲ್ಲಿ ಹೆಚ್ಚಿನ ಜನ ಬದುಕುಳಿದರು. ಆದರೆ ಕುದುರೆಗಳನ್ನೂ ಎತ್ತುಗಳನ್ನೂ ಅಡಗಿಸುವಂಥ ಕಂದಕವನ್ನು ಯಾರೂ ತೋಡಲಾರರು; ಅವು ರಾಶಿರಾಶಿಯಾಗಿ ಸತ್ತವು. ಮತ್ತೊಬ್ಬ ಬೋಯರ್ ನಾಯಕ ಕ್ರಿಸ್ಟಿಯಾನ್ ಡೆ ವೆಟ್ ಹತ್ತಿರದ ದಿಣ್ಣೆಯನ್ನು ಹಿಡಿದು ಪಾರಾಗುವ ದಾರಿ ತೆರೆದಿಟ್ಟರೂ, ಅದನ್ನು ಬಳಸಿಕೊಂಡವರು ಕೆಲವರು ಮಾತ್ರ. ಫೆಬ್ರವರಿ 27ರಂದು ಸುಮಾರು 4,000 ಮಂದಿ ಶರಣಾದರು. ಸವಾರನಿಗೆ ಕಂದಕ ಆಸರೆಯಾಗುವುದು ಅದರ ಹಿಂದೆ ಜೀನು ಬಿಗಿದ ಕುದುರೆ ನಿಂತಿರುವಷ್ಟು ಹೊತ್ತು ಮಾತ್ರ.

ಡೆ ಲಾ ರೇಗೆ ಇದರ ಅರಿವಿತ್ತು ಎನ್ನಲು ಅವನ ಮುಂದಿನ ಎರಡು ವರ್ಷಗಳೇ ಸಾಕ್ಷಿ. ಬ್ರಿಟಿಷರು ಮುಳ್ಳುತಂತಿಯ ಬೇಲಿಗಳಿಂದಲೂ ಸಾವಿರಾರು ಕಾವಲುಗೋಪುರಗಳಿಂದಲೂ ಬಯಲನ್ನೇ ಕಟ್ಟಿಹಾಕಲು ಹೊರಟಾಗ, ಮಾಗರ್ಸ್‌ಫಾಂಟೇನ್‌ನ ಕಂದಕಗಳನ್ನು ಕಲ್ಪಿಸಿದ ಅದೇ ಮನುಷ್ಯ ಪಶ್ಚಿಮ ಟ್ರಾನ್ಸ್‌ವಾಲಿನಲ್ಲಿ ಸವಾರರನ್ನು ನಡೆಸುತ್ತಿದ್ದನು. 1902ರ ಮಾರ್ಚ್ 7ರಂದು ಟ್ವೀಬಾಸ್‌ನಲ್ಲಿ ಅವರು ಕುದುರೆಯ ಮೇಲಿಂದಲೇ ಗುಂಡು ಹಾರಿಸುತ್ತ ನುಗ್ಗಿ ಬ್ರಿಟಿಷ್ ದಂಡನ್ನು ಚದುರಿಸಿ, ಗಾಯಗೊಂಡ ಅದರ ಸೇನಾಪತಿಯನ್ನು ಸೆರೆಹಿಡಿದರು. ಅವನು ಲಾರ್ಡ್ ಮೆಥ್ಯುಯೆನ್.