ಅಪರಾಧಭಯ: ಕನ್ನಡ–ಮರಾಠಿ ಪ್ರೇತಚಿತ್ರಗಳ ವಿವೇಚನೆ

೧

ಭೂತಪ್ರೇತಗಳ ಚಲಚ್ಚಿತ್ರಗಳನ್ನು ಕುರಿತ ಅಭಿಪ್ರಾಯಗಳು ಸಾಮಾನ್ಯವಾಗಿ ಚಿತ್ರಮಂದಿರದ ಮೆಟ್ಟಿಲಿಳಿಯುವಷ್ಟರಲ್ಲಿಯೇ ಸಿದ್ಧವಾಗಿರುತ್ತವೆ. ‘ಹೆದರಿಕೆಯೇ ಆಗಲಿಲ್ಲ’ ಎಂದು ಒಬ್ಬರು, ‘ಮೊದಲರ್ಧ ಚೆನ್ನಾಗಿತ್ತು, ಕೊನೆಗೆ ಮಂತ್ರವಾದಿಯನ್ನು ತಂದು ಕೆಡಿಸಿದರು’ ಎಂದು ಮತ್ತೊಬ್ಬರು, ‘ಇಂಥವು ಮೂಢನಂಬಿಕೆಯನ್ನು ಬೆಳೆಸುತ್ತವೆ’ ಎಂದು ಮೂರನೆಯವರು. ನಾಸಿಕದಲ್ಲಿಯೂ, ಹಿಂದೆ ಔರಂಗಾಬಾದ್ ಎಂದಿದ್ದ ಛತ್ರಪತಿ ಸಂಭಾಜಿನಗರದಲ್ಲಿಯೂ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈ ಮಾತುಗಳು ಎರಡು ಭಾಷೆಗಳ ಚಿತ್ರಗಳನ್ನು ಒಟ್ಟಿಗೆ ಮುಟ್ಟುತ್ತವೆ. ಹಿರಿಯರು ಕನ್ನಡದ ‘ನಾ ನಿನ್ನ ಬಿಡಲಾರೆ’ಯನ್ನು ನೆನೆದರೆ ಮಕ್ಕಳು ಮರಾಠಿಯ ‘ಝಪಾಟಲೇಲಾ’ದ ಬೊಂಬೆಯನ್ನು ನೆನೆಯುತ್ತಾರೆ. ಹೀಗೆ ಎರಡು ಪರಂಪರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಸೌಕರ್ಯ ಹೊರನಾಡ ಕನ್ನಡಿಗರಿಗೆ ಸಹಜವಾಗಿಯೇ ಒದಗಿದೆ. ಆದರೂ ಸಾಮಾಜಿಕ ಚಿತ್ರಗಳಿಗೆ ಸಲ್ಲುವ ವಿಮರ್ಶೆ ಪ್ರೇತಚಿತ್ರಗಳಿಗೆ ಸಂದಿಲ್ಲ. ‘ಹೆದರಿಸಿತೇ, ಇಲ್ಲವೇ?’ ಎಂಬ ಒಂದೇ ಅಳತೆಗೋಲಿನಿಂದ ಅವನ್ನೆಲ್ಲ ಅಳೆದು ಮುಗಿಸಲಾಗುತ್ತಿದೆ. ಈ ಅಳತೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿವೇಚಿಸಬೇಕಾಗಿದೆ.

೨

ಭರತನ ನಾಟ್ಯಶಾಸ್ತ್ರವು ಎಣಿಸುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ವಿಕೃತಧ್ವನಿ, ಪಿಶಾಚಾದಿಗಳ ದರ್ಶನ, ಶೂನ್ಯಗೃಹ, ಅರಣ್ಯ ಮೊದಲಾದವನ್ನು ಅದರ ವಿಭಾವಗಳಲ್ಲಿ ಸೇರಿಸಿದ ಶಾಸ್ತ್ರಕಾರನು ಅವುಗಳ ಜೊತೆಯಲ್ಲಿಯೇ ಗುರು ಮತ್ತು ರಾಜರ ವಿಷಯದಲ್ಲಿ ಎಸಗಿದ ಅಪರಾಧವನ್ನೂ ಹೇಳಿರುವುದು ಗಮನಾರ್ಹ. ಮುಂದುವರಿದು ಅವನು ಭಯಾನಕವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ವ್ಯಾಜದಿಂದ, ಎಂದರೆ ಕೃತಕವಾಗಿ ತೋರಿಸಿದ ಭಯ, ಅಪರಾಧದಿಂದ ಹುಟ್ಟಿದ ಭಯ, ವಿತ್ರಾಸಿತಕ, ಎಂದರೆ ಹಠಾತ್ತನೆ ಬೆದರಿಸುವುದರಿಂದ ಹುಟ್ಟಿದ ಭಯ. ಈ ವಿಭಾಗವನ್ನು ಸ್ವಲ್ಪ ವಿಸ್ತರಿಸಿ ಇಂದಿನ ಚಲಚ್ಚಿತ್ರಗಳಿಗೆ ಅನ್ವಯಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕತ್ತಲಲ್ಲಿ ಕೇಳುವ ಕಿರುಚು, ಕನ್ನಡಿಯಲ್ಲಿ ಸುಳಿಯುವ ಮುಖ, ಕಿವಿಗಡಚಿಕ್ಕುವ ಸಂಗೀತ ಇವೆಲ್ಲ ವಿತ್ರಾಸಿತಕದ ಸಾಮಗ್ರಿಗಳು. ಪ್ರೇಕ್ಷಕರ ಲಘುಅಭಿಪ್ರಾಯ ಅಳೆಯುವುದು ಇದೊಂದನ್ನೇ. ಬೆಚ್ಚುವಿಕೆಯಾದರೋ ಕ್ಷಣಿಕ, ಎರಡನೆಯ ಸಲ ನೋಡುವಾಗ ಅದು ಉಳಿಯುವುದಿಲ್ಲ. ನೋಡಿದ ಬಳಿಕವೂ ಮನಸ್ಸನ್ನು ಬಿಡದೆ ಕಾಡುವುದು ಅಪರಾಧಜನ್ಯವಾದ ಭಯ. ಅಲ್ಲಿ ಪ್ರೇತವು ಕತ್ತಲಿಂದ ಬಂದ ಅನ್ಯವಸ್ತುವಲ್ಲ; ತೀರಿಸದೆ ಉಳಿಸಿಕೊಂಡ ಋಣವೇ ರೂಪ ತಾಳಿ ಬಾಗಿಲಿಗೆ ಬಂದಂತೆ.

೩

ಈ ದೃಷ್ಟಿಗೆ ಮೇಲೆ ಹೇಳಿದ ಎರಡು ಊರುಗಳ ಪರಿಸರದಲ್ಲಿಯೇ ಹಳೆಯ ಆಧಾರಗಳಿವೆ. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಹೇಳುವ ಗೋದಾವರಿ ಹುಟ್ಟುವುದು ನಾಸಿಕದ ಬಳಿಯ ತ್ರ್ಯಂಬಕದಲ್ಲಿ. ಭಾರತೀಯ ಚಲಚ್ಚಿತ್ರದ ಆದ್ಯರಾದ ದಾದಾಸಾಹೇಬ ಫಾಳ್ಕೆಯವರು 1870ರಲ್ಲಿ ಹುಟ್ಟಿದ್ದೂ ಅಲ್ಲಿಯೇ. 1913ರ ಮೇ 3ರಂದು ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡ ತರುವಾಯ ಅವರು ತಮ್ಮ ಕಾರ್ಯಾಗಾರವನ್ನು ನಾಸಿಕಕ್ಕೆ ಸಾಗಿಸಿ, ಅದೇ ವರ್ಷ ‘ಮೋಹಿನಿ ಭಸ್ಮಾಸುರ’ವನ್ನು ತಯಾರಿಸಿದರು. ಇಂದ್ರಜಾಲವನ್ನು ಬಲ್ಲವರಾಗಿದ್ದ ಫಾಳ್ಕೆಯವರ ಯುಕ್ತಿಚಿತ್ರಣವನ್ನು ಅದ್ಭುತರಸದ ಸಾಧನವೆಂದು ಹೊಗಳುವುದು ರೂಢಿ. ಹೊಗಳಿಕೆ ಯುಕ್ತವೇ ಸರಿ. ಆದರೆ ಅವರು ಆಯ್ದುಕೊಂಡ ಕಥೆಯನ್ನು ಲಕ್ಷಿಸಬೇಕು. ವರವಿತ್ತವನ ತಲೆಯ ಮೇಲೆಯೇ ಕೈಯಿಡಲು ಹೊರಟವನು ತನ್ನ ಕೈಯಿಂದಲೇ ಬೂದಿಯಾಗುತ್ತಾನೆ. ಅಪರಾಧವು ಅಪರಾಧಿಯನ್ನೇ ಹುಡುಕಿಕೊಂಡು ಹಿಂದಿರುಗುವ ಕಥೆಯಿದು.

ಸಂಭಾಜಿನಗರಕ್ಕೆ ಸಮೀಪದ ವೇರೂಳಿನಲ್ಲಿ, ಎಂದರೆ ಎಲ್ಲೋರದಲ್ಲಿ, ಈ ಮಾತು ಕಲ್ಲಿನಲ್ಲಿಯೇ ಇದೆ. ರಾಷ್ಟ್ರಕೂಟ ದಂತಿದುರ್ಗನ ಶಾಸನವಿರುವ 15ನೆಯ ಗುಹೆಯಲ್ಲಿ ಉಗ್ರನಾದ ಶಿವನ ಅಸುರಸಂಹಾರದ ಪಕ್ಕದಲ್ಲಿ ಎಲುಬುಗಳೇ ಕಾಣುವಂತೆ ಕೃಶಳಾದ ಕಾಳಿಯಿದ್ದಾಳೆ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂಬ ಭರತನ ಮಾತಿಗೆ ಇದಕ್ಕಿಂತ ಮಿಗಿಲಾದ ನಿದರ್ಶನ ದೊರೆಯಲಾರದು. ಒಂದನೆಯ ಕೃಷ್ಣನ ಕಾಲದ್ದೆಂದು ಹೇಳುವ ಕೈಲಾಸ ದೇವಾಲಯದಲ್ಲಿ ರಾವಣನು ಗಿರಿಯನ್ನು ಅಲುಗಿಸುವಾಗ ಪಾರ್ವತಿ ಬೆದರಿ ಶಿವನತ್ತ ಒರಗುತ್ತಾಳೆ, ಶಿವನಾದರೋ ನಿಶ್ಚಿಂತ. ಭಯ, ಆ ಭಯಕ್ಕೆ ಕಾರಣನಾದ ಅಪರಾಧಿ, ಅಭಯ—ಈ ಮೂರೂ ಒಂದೇ ಫಲಕದಲ್ಲಿವೆ. ಅಲ್ಲಿ ಅಪರಾಧಿ ಯಾರೆಂಬುದರಲ್ಲಿ ನೋಡುವವನಿಗೆ ಸಂದೇಹವೇ ಇಲ್ಲ.

೪

ಕನ್ನಡದ ಪ್ರೇತಚಿತ್ರಗಳು ಈ ಸ್ಪಷ್ಟತೆಯನ್ನು ಬಹುಕಾಲ ಮರೆತಿದ್ದವು. ವಿಜಯ್ ಅವರು ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ಇಂದಿಗೂ ಜನರ ನೆನಪಿನಲ್ಲಿರುವ ಚಿತ್ರ. ದೈವವನ್ನು ನಂಬದ ಕೃಷ್ಣನೆಂಬ ತರುಣನನ್ನು ಕಾಮಿನಿಯೆಂಬ ಹೆಣ್ಣಿನ ಪ್ರೇತ ಆವರಿಸುತ್ತದೆ. ರಾಘವೇಂದ್ರಸ್ವಾಮಿಗಳ ಕೃಪೆಯಿಂದ ಬಿಡುಗಡೆಯಾಗುತ್ತದೆ. ಒಂದೇ ಶರೀರದಲ್ಲಿ ಗಂಡಿನ ಸೌಮ್ಯವನ್ನೂ ಹೆಣ್ಣಿನ ಹಟವನ್ನೂ ತೋರಿಸಿದ ಅನಂತನಾಗ್ ಅವರ ಅಭಿನಯ ಉತ್ತಮ ಶ್ರೇಣಿಯದು. ಆದರೆ ಕಾಮಿನಿಯ ಕಡೆಯ ಮಾತನ್ನು ಕೇಳುವ ವ್ಯವಧಾನ ಕಥೆಗಿಲ್ಲ. ಅವಳು ಹೊರಗಟ್ಟಬೇಕಾದ ಪೀಡೆ ಮಾತ್ರ. ಭಕ್ತಿಯ ಜಯ ಸಂಪೂರ್ಣವಾಗಿದೆ. ವಿಚಾರಣೆ ನಡೆದೇ ಇಲ್ಲ.

ಮಲಯಾಳದ ‘ಮಣಿಚಿತ್ರತ್ತಾಳ್’ (1993) ಚಿತ್ರವನ್ನು ಆಧರಿಸಿ ಪಿ. ವಾಸು ಅವರು ನಿರ್ದೇಶಿಸಿದ ‘ಆಪ್ತಮಿತ್ರ’ (2004) ಒಂದು ಹೆಜ್ಜೆ ಮುಂದೆ ಸಾಗಿದೆ. ಇಲ್ಲಿಯ ಭಯ ವ್ಯಾಜಜನ್ಯ. ಗಂಗೆಯನ್ನು ಹಿಡಿದಿರುವುದು ಪ್ರೇತವಲ್ಲ, ಮನೋರೋಗವೆಂಬುದು ವೈದ್ಯನ ನಿರ್ಣಯ. ಆದರೂ ಆ ರೋಗ ಶಮನವಾಗಬೇಕಾದರೆ ಹಿಂದೆ ಅನ್ಯಾಯಕ್ಕೊಳಗಾದ ನರ್ತಕಿ ನಾಗವಲ್ಲಿಯ ಸೇಡು ತೀರಬೇಕು. ವೈದ್ಯನು ಒಂದು ಗೊಂಬೆಯನ್ನಿಟ್ಟು ಆ ಸೇಡನ್ನು ತೀರಿಸುತ್ತಾನೆ. ಸೌಂದರ್ಯ ಅವರ ಅಭಿನಯದಲ್ಲಿ ನಾಗವಲ್ಲಿ ಪೀಡೆಯಾಗಿ ಉಳಿಯದೆ ವಾದಿಯಾಗಿ ನಿಲ್ಲುತ್ತಾಳೆ. ಆದರೆ ಅವಳಿಗೆ ಸಂದದ್ದು ನ್ಯಾಯದ ನಟನೆಯೇ ಹೊರತು ನ್ಯಾಯವಲ್ಲ.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಚಿತ್ರದಲ್ಲಿ ಅಪರಾಧಭಯ ನೇರವಾಗಿ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ಮೇಲ್ಸೇತುವೆಯೊಂದರಲ್ಲಿ ಅಡ್ಡದಾರಿಗಾಗಿ ವಿಭಜಕದ ಕಲ್ಲನ್ನು ಸರಿಸಿ ಗಾಡಿ ತಿರುಗಿಸುವವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪಾಳುಮನೆಯಿಲ್ಲ, ಹುಣಿಸೆಮರವಿಲ್ಲ; ಹಗಲಿನಲ್ಲಿ ಯಾರಾದರೂ ಎಸಗಬಹುದಾದ ಸಣ್ಣ ತಪ್ಪೊಂದೇ ಇದೆ. ಕೊನೆಗೆ ಹೊರಬೀಳುವ ಅಪರಾಧಿ ಸತ್ತವಳ ಗಂಡನೇ ಎಂಬಲ್ಲಿ ಭಯವು ಕರುಣಕ್ಕೆ ತಿರುಗುತ್ತದೆ. ಕಲ್ಲು ಸರಿಸಿದ ತಪ್ಪಿಗೆ ಮರಣವೇ ದಂಡವೆಂಬುದು ಅತಿಯಾಯಿತೆಂಬ ಆಕ್ಷೇಪಕ್ಕೆ ಚಿತ್ರದಲ್ಲಿ ತೃಪ್ತಿಕರವಾದ ಉತ್ತರವಿಲ್ಲ. ಆದರೂ ಪ್ರೇಕ್ಷಕನು ತನ್ನ ನಡತೆಯನ್ನು ನೆನೆದು ಅಂಜುವಂತೆ ಮಾಡಿದ್ದು ಅದರ ಹಿರಿಮೆ. ಕೊಟ್ಟ ಭೂಮಿಯನ್ನು ಮರಳಿ ಕೇಳಿದವನ ಗತಿಯನ್ನು ತೋರಿಸುವ ‘ಕಾಂತಾರ’ (2022) ಪ್ರೇತಚಿತ್ರವಲ್ಲ. ಆದರೆ ಅದರ ದೈವದ ಕೂಗು ಹುಟ್ಟಿಸುವ ನಡುಕವೂ ಮಾತಿಗೆ ತಪ್ಪಿದ ಅಪರಾಧದಿಂದ ಬಂದದ್ದೇ.

ಮರಾಠಿಯಲ್ಲಿ ಈ ಮಾರ್ಗ ಇನ್ನೂ ದೃಢವಾಗಿದೆ. ವಿಶಾಲ್ ಫುರಿಯಾ ಅವರ ‘ಲಪಾಛಪಿ’ 2017ರಲ್ಲಿ ತೆರೆಕಂಡಿತು. ಸಾಲಗಾರರಿಂದ ತಪ್ಪಿಸಿಕೊಳ್ಳಲು ದಂಪತಿಗಳು ಕಬ್ಬಿನ ಗದ್ದೆಗಳ ನಡುವಣ ಮನೆಯೊಂದನ್ನು ಸೇರುತ್ತಾರೆ; ಹೆಂಡತಿ ಗರ್ಭಿಣಿ. ಆಳೆತ್ತರ ಬೆಳೆದ ಕಬ್ಬಿನ ಸಾಲುಗಳೇ ಇಲ್ಲಿ ಶೂನ್ಯಗೃಹದ ಕೆಲಸ ಮಾಡುತ್ತವೆ. ಅಲ್ಲಿ ಸುಳಿಯುವ ಪ್ರೇತಗಳ ಹಿಂದೆ ಹೆಣ್ಣುಶಿಶುಗಳ ಹತ್ಯೆಯ ಕಥೆಯಿದೆ. ಉತ್ತರಾರ್ಧದಲ್ಲಿ ನಿರ್ದೇಶಕರು ಹೇಳಬೇಕಾದುದನ್ನು ಅಗತ್ಯಕ್ಕಿಂತ ಹೆಚ್ಚು ಬಿಡಿಸಿ ಹೇಳಿದ್ದಾರೆಂಬುದು ನಿಜ. ಆದರೆ ಭಯಪಡಬೇಕಾದದ್ದು ಸತ್ತವರಿಗಲ್ಲ, ಬದುಕಿರುವವರಿಗೆ ಎಂಬ ತಿಳಿವನ್ನು ಅದು ತಪ್ಪದೆ ಮೂಡಿಸುತ್ತದೆ. ರಾಹಿ ಅನಿಲ್ ಬರ್ವೆಯವರ ‘ತುಂಬಾಡ್’ (2018) ಹಿಂದೀ ಭಾಷೆಯದಾದರೂ ಅದರ ನೆಲ ಕೊಂಕಣದ್ದು. ತಂದೆಯ ಲೋಭ ಮಗನಿಗೆ ಇಳಿದುಬರುವ ಬಗೆಯನ್ನು ಅದು ಕಾಣಿಸುತ್ತದೆ. ಅಲ್ಲಿಯ ಹಸ್ತರನಿಗಿಂತ ಅವನ ನಾಣ್ಯಗಳನ್ನು ಎಣಿಸುವ ಮನುಷ್ಯನೇ ಹೆಚ್ಚು ಭಯಂಕರ.

೫

ಇಂಥ ಚಿತ್ರಗಳು ಮೂಢನಂಬಿಕೆಯನ್ನು ಬೆಳೆಸುತ್ತವೆಂಬ ಅಭಿಪ್ರಾಯವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮಹಾರಾಷ್ಟ್ರವು 2013ರಲ್ಲಿ, ಕರ್ನಾಟಕವು 2017ರಲ್ಲಿ ವಾಮಾಚಾರಗಳ ವಿರುದ್ಧ ಶಾಸನ ಮಾಡಿದವು. ದೆವ್ವ ಬಿಡಿಸುವ ನೆಪದಿಂದ ಮನುಷ್ಯರನ್ನು ಕಟ್ಟಿಹಾಕಿ ಹೊಡೆಯುವುದು ಮಹಾರಾಷ್ಟ್ರದ ಶಾಸನದಲ್ಲಿ ಶಿಕ್ಷಾರ್ಹವಾದ ಕೃತ್ಯ. ಹಾಗೆ ಪೆಟ್ಟು ತಿಂದವರಲ್ಲಿ ಮಾತಾಡಿದರೂ ಯಾರೂ ಕೇಳದ ಹೆಂಗಸರಿದ್ದಾರೆಂಬುದನ್ನು ಮರೆಯಲಾಗದು. ಹೀಗಿರುವಾಗ ತೆರೆಯ ಮೇಲಿನ ಪ್ರೇತವನ್ನು ಬರಿಯ ಪೀಡೆಯೆಂದು ಹೊಡೆದಟ್ಟುವುದಕ್ಕೂ ಅದರ ಅಹವಾಲನ್ನು ಆಲಿಸುವುದಕ್ಕೂ ಇರುವ ಅಂತರ ಕೇವಲ ಕಲೆಯ ವಿಷಯವಲ್ಲ. ಮೂಢನಂಬಿಕೆ ಬೆಳೆಯುವುದು ಪ್ರೇತವನ್ನು ತೋರಿಸಿದ್ದರಿಂದಲ್ಲ. ಪ್ರೇತವನ್ನು ತೋರಿಸಿ ಅಪರಾಧವನ್ನು ಮರೆಮಾಡಿದ್ದರಿಂದ.

ಆದಕಾರಣ ಪ್ರೇತಚಿತ್ರವನ್ನು ಕುರಿತು ಕೇಳಬೇಕಾದ ಪ್ರಶ್ನೆ ‘ಹೆದರಿಸಿತೇ?’ ಎಂಬುದಲ್ಲ. ಪ್ರೇತವಾದವಳಿಗೆ ಆದ ಅನ್ಯಾಯವೇನು, ಅದನ್ನು ಎಸಗಿದವರಾರು, ಚಿತ್ರ ಮುಗಿಯುವಷ್ಟರಲ್ಲಿ ಅದರ ಲೆಕ್ಕ ಸಂದಿತೇ—ಇವು ಕೇಳತಕ್ಕ ಪ್ರಶ್ನೆಗಳು. ಕನ್ನಡದ ಮನೆಯಲ್ಲಿ ಬೆಳೆದು ಮರಾಠಿಯ ಬೀದಿಯಲ್ಲಿ ಆಡುವ ಮಕ್ಕಳು ಈ ಚಿತ್ರಗಳನ್ನು ಹಿರಿಯರ ಅನುಮತಿಗೆ ಕಾಯದೆ ನೋಡುತ್ತಾರೆ. ನೋಡಿದ ಮೇಲೆ ಅವರೊಡನೆ ಈ ಪ್ರಶ್ನೆಗಳನ್ನು ಚರ್ಚಿಸುವುದು, ದೀಪವಿಟ್ಟುಕೊಂಡು ಮಲಗಿರೆಂದು ಹೇಳುವುದಕ್ಕಿಂತ ಶ್ರೇಯಸ್ಕರ.